ಚಪ್ಪರವಿಲ್ಲದ ಧಾರೆ

ಬೆಟ್ಟದ ಮೇಲೆ ಬಯಲಿನಲ್ಲಿ ಮದುವೆ ಎಂದು ಯಾರಾದರೂ ನಿಮಗೆ ಕಾಗದ ಕೊಟ್ಟರೆ ಮೊದಲು ಕೇಳಬೇಕಾದದ್ದು ಮುಹೂರ್ತ ಎಷ್ಟು ಗಂಟೆಗೆ ಎಂದಲ್ಲ, ಮೂತ್ರಕ್ಕೆ ಎಲ್ಲಿ ಹೋಗುವುದು ಎಂದು. ನಾನು ಕೇಳಲಿಲ್ಲ. ಜಾರ್ಜಿಯಾ ಎಂಬ ದೇಶದಲ್ಲಿ, ಹಿಮ ಹೊತ್ತ ಪರ್ವತದ ಎದುರು, ರೇಷ್ಮೆ ಪಂಚೆ ಉಟ್ಟುಕೊಂಡು, ಮರೆಗೆ ಒಂದು ಬಂಡೆ ಹುಡುಕುತ್ತಾ ಅಲೆದ ಬಂಟ್ವಾಳದ ಮನುಷ್ಯ ನಾನು. ಆ ಬೆಟ್ಟದಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಊರಿಗೆ ವಾಪಸು ಬಂದು ತಿಂಗಳಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬಿ.ಸಿ. ರೋಡ್

ನನ್ನ ಕಸುಬು ಶಾಮಿಯಾನದ್ದು. ಚಪ್ಪರ, ಚೇರು, ಮೇಜು, ಅಡುಗೆಯ ಪಾತ್ರೆ, ಕೈ ತೊಳೆಯಲು ನಳ್ಳಿಯ ಸಾಲು, ಎಲ್ಲ ಬಿ.ಸಿ. ರೋಡ್ ಪೇಟೆಯ ನನ್ನ ಗೋಡೌನಿನಿಂದ ಹೋಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕಿನಲ್ಲಿ ನಾನು ಚಪ್ಪರ ಹಾಕದ ಅಂಗಳ ಕಡಿಮೆ. ಜಡಿಮಳೆಯಲ್ಲಿ ಹಾಕಿದ್ದೇನೆ, ಗದ್ದೆಯ ಕೆಸರಿನಲ್ಲಿ ಹಾಕಿದ್ದೇನೆ. ಇಂಥವನ ಸ್ವಂತ ಅಕ್ಕನ ಮಗಳ ಮದುವೆಗೆ ಚಪ್ಪರವೇ ಇಲ್ಲ ಎಂದರೆ ಹೇಗಾಗಬೇಡ?

ಅಕ್ಕ, ಭಾವ ಶಾರ್ಜಾದಲ್ಲಿ. ಅವರ ಮಗಳು ಅನ್ವಿತಾ ಬೆಳೆದದ್ದು ಅಲ್ಲಿಯೇ, ರಜೆಗೆ ಮಾತ್ರ ನಮ್ಮಲ್ಲಿ. ಹುಡುಗ ಮೂಡುಬಿದಿರೆಯವನು, ಅಲ್ಲೇ ಹತ್ತಿರದ ಮಿಜಾರಿನ ಕಾಲೇಜಿನಲ್ಲಿ ಓದಿ ದುಬೈ ಸೇರಿದವನು. ಬಂಟ್ವಾಳದಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋದರೆ ಒಂದು ಒಳ್ಳೆಯ ನಿದ್ದೆ ಆಗುವುದಿಲ್ಲ. ಇಷ್ಟು ಹತ್ತಿರದ ಎರಡು ಮನೆಗಳು ನೆಂಟರಾಗಲು ಕಾಕಸಸ್ ಪರ್ವತಕ್ಕೆ ಹೋಗಬೇಕಂತೆ. ಎರಡೂ ಕಡೆಯ ಅರ್ಧ ಬಳಗ ಗಲ್ಫಿನಲ್ಲಿದೆ, ಅಲ್ಲಿಂದ ಜಾರ್ಜಿಯಾ ಹತ್ತಿರ ಎಂದು ಅಕ್ಕ ಫೋನಿನಲ್ಲಿ ವಿವರಿಸಿದಳು.

"ಬೆಟ್ಟವೇ ಬೇಕಾದ್ರೆ ಬೆಳ್ತಂಗಡಿಯಲ್ಲಿ ಗಡಾಯಿಕಲ್ಲು ಉಂಟಲ್ಲ ಅಕ್ಕ? ಇಲ್ಲೇ ಕಾರಿಂಜ ಉಂಟು. ಕೆಳಗೆ ನಾನು ಚಪ್ಪರ ಹಾಕ್ತೇನೆ."

"ಅನ್ವಿಗೆ ಹಿಮ ಕಾಣ್ಬೇಕಂತೆ ಮಾರಾಯ."

"ಹಿಮ ಬೇಕಾದ್ರೆ ಒಂದು ಐಸ್‌ಕ್ಯಾಂಡಿ ತೆಗ್ಸಿಕೊಡು," ಎಂದು ಫೋನ್ ಇಟ್ಟುಬಿಟ್ಟೆ.

ವಾರ ಕಳೆಯುವಷ್ಟರಲ್ಲಿ ಮೊಬೈಲಿಗೆ 'ಅತಿಥಿಗಳಿಗೆ ಸೂಚನೆ' ಬಂತು. ಅದನ್ನು ಬರೆದವಳು ಮದುವೆಯ ಪ್ಲಾನರ್, ಬೆಂಗಳೂರಿನ ಹುಡುಗಿ, ದುಬೈಯಲ್ಲಿ ಇದೇ ಕೆಲಸ. ಪುಟಗಟ್ಟಲೆ ಇತ್ತು. ಯಾವ ಬಣ್ಣದ ಬಟ್ಟೆ ಹಾಕಬೇಕು ಎಂದೇ ಒಂದು ಪುಟ: ಸೇಜ್, ಡಸ್ಟಿ ರೋಸ್, ಶಾಂಪೇನ್. ಮೂರರಲ್ಲಿ ಒಂದು ಕುಡಿಯುವುದು ಎಂದಷ್ಟೇ ನನಗೆ ಗೊತ್ತಿತ್ತು. ಫೋಟೋಕ್ಕೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದಿತ್ತು. ಊಟದ ಹೊತ್ತಿಗೆ ಪಿಟೀಲು ಬಾರಿಸುವವರ ಬಗ್ಗೆ ಇತ್ತು. ಚಳಿ ಎಷ್ಟು, ಎಷ್ಟು ಹತ್ತಬೇಕು, ವಯಸ್ಸಾದವರು ಎಲ್ಲಿ ಕೂರಬೇಕು, ನೀರು ಎಲ್ಲಿ, ಪಾಯಿಖಾನೆ ಎಲ್ಲಿ, ಒಂದು ಅಕ್ಷರ ಇಲ್ಲ. ನನ್ನ ಗೋಡೌನಿನಲ್ಲಿ ಹೊಸದಾಗಿ ಸೇರಿದವನೂ ಮದುವೆಮನೆಗೆ ಹೋದ ತಕ್ಷಣ ಕೇಳುವುದು ಇದರಲ್ಲಿ ಕೊನೆಯ ಮೂರು ಪ್ರಶ್ನೆ.

ನನ್ನ ಜೊತೆ ಸೌಂಡ್, ಲೈಟಿನ ಕೆಲಸ ಮಾಡುವ ಹಮೀದ್ ಅದನ್ನೆಲ್ಲ ಓದಿ ನಕ್ಕ. "ಹೋಗಿ ಬನ್ನಿ ದಿವಾಕರಣ್ಣ. ಒಮ್ಮೆಯಾದ್ರೂ ಬೇರೆಯವರು ಹಾಕಿದ ಚೇರಲ್ಲಿ ಕೂತು ಬನ್ನಿ," ಎಂದ.

ನಾನು ಹೋಗುವುದಿಲ್ಲ ಎಂದೇ ಇದ್ದೆ. ಅಮ್ಮ ಬಿಡಲಿಲ್ಲ. ಅಮ್ಮನಿಗೆ ಎಂಬತ್ತು ದಾಟಿದೆ, ಎರಡೂ ಮೊಣಕಾಲು ಹೋಗಿದೆ, ಅಂಗಳದ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾಳೆ. ಅವಳು ಅಟ್ಟದಿಂದ ಕಂಚಿನ ಗಿಂಡಿ ಇಳಿಸಿ ತರಿಸಿಕೊಂಡು ಹುಣಸೆಹುಳಿ ಹಾಕಿ ತಿಕ್ಕಲು ಕೂತಿದ್ದಳು.

ನಮ್ಮ ಕಡೆ ತಾಳಿಗಿಂತ ದೊಡ್ಡದು ಧಾರೆ. ಪಕ್ಕದಲ್ಲಿ ಮೂತಿ ಇರುವ ಈ ಗಿಂಡಿಗೆ ನೀರು ತುಂಬಿಸಿ, ಬಾಯಿಗೆ ಮಾವಿನೆಲೆ, ತೆಂಗಿನಕಾಯಿ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಅದನ್ನು ಸಭೆಯಲ್ಲಿ ಕೂತವರೆಲ್ಲರ ಹತ್ತಿರ ತರುತ್ತಾರೆ. ಪ್ರತಿಯೊಬ್ಬರೂ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಎಲ್ಲರ ಕೈ ತಾಗಿದ ಆ ನೀರನ್ನು ಹುಡುಗಿಯ ಅಪ್ಪ ಅಮ್ಮ ಹುಡುಗ ಹುಡುಗಿಯ ಕೂಡಿಸಿದ ಕೈ ಮೇಲೆ ಎರೆದರೆ ಮದುವೆ ಆಯಿತು. ಅಮ್ಮನಿಗೂ ಅಕ್ಕನಿಗೂ ಧಾರೆ ಎರೆದದ್ದು ಇದೇ ಗಿಂಡಿಯಿಂದ. ಬೇರೆಯವರ ಮದುವೆಯಲ್ಲಿ ಗಿಂಡಿ ಹೊರಟಾಗ ನಾನು ಊಟದ ಚಪ್ಪರದಲ್ಲಿ ಮೇಜು ಸರಿ ಮಾಡಿಸುತ್ತಿರುತ್ತೇನೆ, ನನ್ನ ಹತ್ತಿರ ಅದು ಬರುವುದಿಲ್ಲ. ನಮ್ಮ ಮನೆಯದ್ದು ಎಂದು ಉಳಿದದ್ದು ಇದೊಂದು ಮದುವೆ.

"ಅನ್ವಿಯ ಧಾರೆಗೆ ನನ್ನ ಕೈ ತಾಗ್ಬೇಕು. ಅಷ್ಟೇ ನನಗೆ ಬೇಕಾದ್ದು. ನೀನು ಬಂದ್ರೂ ನಾನು ಹೋಗ್ತೇನೆ, ಬರದಿದ್ರೂ ಹೋಗ್ತೇನೆ," ಎಂದಳು ಅಮ್ಮ. ಬಜ್ಪೆಯ ವಿಮಾನ ನಿಲ್ದಾಣದಿಂದ ಮುಂದೆ ಎಲ್ಲಿಗೆ ತಿರುಗಬೇಕು ಎಂದು ಗೊತ್ತಿಲ್ಲದವಳ ಧೈರ್ಯ ನೋಡಿ. ನಾನು ಹೊರಟೆ.

ವಿಮಾನ ನಿಲ್ದಾಣ

ಅಮ್ಮ ಗಿಂಡಿಯನ್ನು ಯಾರ ಕೈಗೂ ಕೊಡಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟಳು. ಜೊತೆಗೆ ಮನೆಯ ಮರದ ಒಂದು ತೆಂಗಿನಕಾಯಿ, ಒಳ್ಳೆ ಉದ್ದ ಜುಟ್ಟಿನದ್ದು. ತಪಾಸಣೆಯ ಯಂತ್ರದಲ್ಲಿ ಅದು ಹೇಗೆ ಕಂಡಿತೋ ದೇವರಿಗೇ ಗೊತ್ತು. ಮೂತಿಯುಳ್ಳ ಒಂದು ಲೋಹ, ಪಕ್ಕದಲ್ಲಿ ಒಂದು ಗುಂಡು. ಮೂರು ಜನ ಸೇರಿದರು.

ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಅಮ್ಮ ತುಳುವಿನಲ್ಲಿ ಉತ್ತರ ಕೊಟ್ಟಳು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ನನಗೆ ಗದರಿದರು. ಕೊನೆಗೆ ಗಿಂಡಿ ಹೋಗಬಹುದು, ಕಾಯಿ ಹೋಗುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಕಾಯಿಯಿಂದ ವಿಮಾನಕ್ಕೆ ಏನು ಅಪಾಯ ಎಂದು ನಾನು ಏರುದನಿಯಲ್ಲಿ ಕೇಳಿದೆ. ಅಮ್ಮ ನನ್ನ ತೋಳು ಹಿಡಿದಳು. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಪ್ರಸಾದದಂತೆ ಆ ಅಧಿಕಾರಿಗೆ ಕೊಟ್ಟು, "ಚಟ್ನಿ ಮಾಡಿ ತಿನ್ನು ಮಗಾ," ಎಂದಳು. ಅವರು ತಲೆಬಾಗಿ ತೆಗೆದುಕೊಂಡರು.

ಇಂಥ ಮದುವೆಗೆ ಹೊರಡುವವರು ಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ನನ್ನ ಹಾಗೆ ಬೊಬ್ಬೆಯನ್ನೂ ಹಾಕಬೇಡಿ, ಪ್ರಯೋಜನ ಇಲ್ಲ.

ಟಿಬಿಲಿಸಿ

ದುಬೈಯಲ್ಲಿ ವಿಮಾನ ಬದಲಿಸಿ ಜಾರ್ಜಿಯಾದ ರಾಜಧಾನಿಗೆ ಇಳಿದೆವು. ನಮ್ಮನ್ನು ಕರೆದೊಯ್ಯಲು ಬಂದವನು ಜುರಾ, ಅಗಲ ಎದೆಯ, ಕಡಿಮೆ ಮಾತಿನ ಡ್ರೈವರ್. ಮದುವೆ ಮುಗಿಯುವವರೆಗೂ ಅವನೇ ನಮ್ಮ ಸಾರಥಿ.

ಆ ದೇಶದಲ್ಲಿ ಚರ್ಚು ಕಂಡರೆ ಡ್ರೈವರುಗಳು ಎದೆಯ ಮೇಲೆ ಮೂರು ಸಲ ಶಿಲುಬೆಯ ಗುರುತು ಎಳೆಯುತ್ತಾರೆ. ಚರ್ಚು ಗುಡ್ಡಕ್ಕೊಂದು. ತಿರುವಿನಲ್ಲಿ, ಎದುರು ಲಾರಿ ಬರುವಾಗ, ಸ್ಟೇರಿಂಗ್ ಬಿಟ್ಟು ಮೂರು ಸಲ. ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಮ್ಮ ಮಾತ್ರ ಮೆಚ್ಚಿದಳು. "ನಮ್ಮ ಬಸ್ಸಿನವರು ಗುಡಿ ಕಂಡ್ರೆ ಹಾರ್ನ್ ಹಾಕಿ ಹೋಗ್ತಾರೆ. ಇವನಿಗೆ ಭಕ್ತಿ ಉಂಟು," ಎಂದು ತಾನೂ ಪ್ರತಿ ಚರ್ಚಿಗೆ ಕೈ ಮುಗಿಯತೊಡಗಿದಳು.

ಊಟಕ್ಕೆ ಮಾಂಸ ತುಂಬಿದ ದೊಡ್ಡ ಕಡುಬಿನಂಥದ್ದು ಕೊಟ್ಟರು. ಮೇಲೆ ಹಿಟ್ಟನ್ನು ಹಿಂಡಿ ಜುಟ್ಟು ಕಟ್ಟಿರುತ್ತಾರೆ. ಜುಟ್ಟು ಹಿಡಿದು ಕಚ್ಚಿ, ಒಳಗಿನ ರಸ ಹೀರಿ, ಜುಟ್ಟನ್ನು ತಟ್ಟೆಯಲ್ಲಿ ಬಿಡಬೇಕು. ನಾನು ಜುಟ್ಟನ್ನೂ ತಿಂದೆ. ಹೋಟೆಲಿನವಳು ಕರುಣೆಯಿಂದ ನೋಡಿದಳು.

ಸಂಜೆ ತೆಂಗಿನಕಾಯಿ ಹುಡುಕಿಕೊಂಡು ಹೊರಟೆವು. ಕೊನೆಗೆ ಒಂದು ದೊಡ್ಡ ಅಂಗಡಿಯಲ್ಲಿ, ಹಣ್ಣುಗಳ ನಡುವೆ, ಪ್ಲಾಸ್ಟಿಕ್ ಸುತ್ತಿದ ಒಂದು ಸಿಕ್ಕಿತು. ನುಣ್ಣಗೆ ಬೋಳು. ಕಲಶದ ಕಾಯಿಗೆ ಜುಟ್ಟು ಇಲ್ಲದಿದ್ದರೆ ಹೇಗೆ? ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಯಾರು ಬೋಳಿಸಿದ್ದು, ಪಾಪಿಗಳು," ಎಂದಳು. ಬೇರೆ ಇರಲಿಲ್ಲ, ಅದನ್ನೇ ತಂದೆವು. ಮೊದಲೇ ಬಂದು ಹೋಟೆಲಿನಲ್ಲಿದ್ದ ಪ್ಲಾನರ್ ಹುಡುಗಿ ಅದಕ್ಕೆ ಕಂದು ಉಲ್ಲನ್ ನೂಲು ಅಂಟಿಸಿ ಜುಟ್ಟು ಮಾಡಿಕೊಟ್ಟಳು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನಾನು ನುಂಗಿಕೊಂಡೆ.

ಬೆಟ್ಟದ ದಾರಿ

ಉತ್ತರಕ್ಕೆ, ರಷ್ಯಾದ ಗಡಿಯ ಕಡೆ ದಾರಿ. ಚಾರ್ಮಾಡಿ ಘಾಟಿ ಹತ್ತಿ ಅಭ್ಯಾಸ ಇದ್ದವನು ನಾನು, ತಿರುವುಗಳಿಗೆ ಹೆದರಲಿಲ್ಲ. ಆದರೆ ನಮ್ಮ ಘಾಟಿಯಲ್ಲಿ ಕಾಡು ಇದೆ, ಬಿದ್ದರೆ ಮರವಾದರೂ ಹಿಡಿಯುತ್ತದೆ. ಇಲ್ಲಿ ಬರೀ ಹುಲ್ಲು, ಬಿದ್ದರೆ ನೇರ ಹೊಳೆ. ಸೇತುವೆಯ ಮೇಲೆ ದನಗಳು ಮೆಲುಕು ಹಾಕುತ್ತಾ ಮಲಗಿದ್ದವು. ಲಾರಿಗಳು ಅವುಗಳನ್ನು ಸುತ್ತಿ ಹೋಗುತ್ತಿದ್ದವು, ಯಾರೂ ಹಾರ್ನ್ ಹಾಕಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ನಮ್ಮ ಊರು ಎನಿಸಿದ ಜಾಗ ಅದೊಂದೇ.

ಮೇಲೆ ಮೇಲೆ ಹೋದಂತೆ ಕಿವಿ ಕಟ್ಟಿತು, ಚಳಿ ಹಿಡಿಯಿತು. ಬಣ್ಣದ ಪುಟಕ್ಕೆ ಕೊಟ್ಟ ಜಾಗದಲ್ಲಿ ಉಲ್ಲನ್ ಕಾಲುಚೀಲ ತನ್ನಿ ಎಂದು ಒಂದು ಸಾಲು ಬರೆಯಬಹುದಿತ್ತು. ಜುರಾ ತನ್ನ ಕೋಟು ಬಿಚ್ಚಿ ಅಮ್ಮನ ಕಾಲಿನ ಮೇಲೆ ಹೊದಿಸಿದ. ಅಮ್ಮ ಅದರ ಮೇಲೆ ಗಿಂಡಿ ಇಟ್ಟುಕೊಂಡಳು.

ಕಾಜ್ಬೇಗಿ

ಪರ್ವತದ ಬುಡದ ಊರು ಇದು. ಹೋಟೆಲಿನ ಕಿಟಕಿಯಿಂದ ಹಿಮದ ಶಿಖರ ಕಾಣುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅದು ಅಲ್ಲಿಯೇ ಇರಲಿ, ನಾವು ಇಲ್ಲಿಯೇ ಧಾರೆ ಎರೆಯೋಣ ಎಂದರೆ ಯಾರೂ ಕೇಳುವುದಿಲ್ಲ. ಶಿಖರ ಫೋಟೋದಲ್ಲಿ ದೊಡ್ಡದಾಗಿ ಬರಬೇಕಾದರೆ ಮೇಲಿನ ಹುಲ್ಲುಗಾವಲಿಗೇ ಹೋಗಬೇಕು.

ಮದುವೆಯ ಹಿಂದಿನ ದಿನ ಪ್ಲಾನರ್ ಎಲ್ಲರನ್ನೂ ಸೇರಿಸಿ ಮರುದಿನದ ವ್ಯವಸ್ಥೆ ಹೇಳಿದಳು. ಗಾಡಿ ಒಂದು ಮಟ್ಟದವರೆಗೆ ಹೋಗುತ್ತದೆ. ಅಲ್ಲಿಂದ ಇಳಿಜಾರು ಹತ್ತಿ ಮಂಟಪಕ್ಕೆ ನಡೆಯಬೇಕು. ಹಿರಿಯರಿಗೆ ಮಾತ್ರ ಹೋಟೆಲಿನಲ್ಲೇ ವ್ಯವಸ್ಥೆ. ಹಿರಿಯರು ಎಂದರೆ ನಮ್ಮ ಅಮ್ಮ ಒಬ್ಬಳೇ. ಬೇರೆ ಮುದುಕರನ್ನು ಯಾರೂ ಊರಿನಿಂದ ಕರೆತಂದಿರಲಿಲ್ಲ.

"ಅಂಕಲ್, ಅಜ್ಜಿಗೆ ಫುಲ್ ಕಂಫರ್ಟ್ ಮಾಡಿಸಿದ್ದೀನಿ. ಹೀಟರ್ ಇದೆ, ಸೂಪ್ ಬರತ್ತೆ, ದೊಡ್ಡ ಸ್ಕ್ರೀನಲ್ಲಿ ಲೈವ್ ನೋಡ್ತಾರೆ."

"ಗಿಂಡಿ ಸ್ಕ್ರೀನಿಂದ ಹೊರಗೆ ಬರ್ತದಾ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮೈ ಉರಿದುಹೋಯಿತು. ಹುಡುಗಿಯ ಅಜ್ಜಿ ಸಮುದ್ರ ದಾಟಿ ಬಂದದ್ದು ಗೋಡೆಯ ಮೇಲೆ ಮದುವೆ ನೋಡಲಿಕ್ಕಾ, ಅದನ್ನು ಬಂಟ್ವಾಳದಲ್ಲೇ ನೋಡಬಹುದಿತ್ತಲ್ಲ, ಎಂದು ಹೋಟೆಲಿನ ಗಾಜು ನಡುಗುವ ಹಾಗೆ ಕೇಳಿದೆ. ಹುಡುಗನ ಕಡೆಯವರು ತಿರುಗಿ ನೋಡಿದರು. ಭಾವ ತಮ್ಮ ಮೊಬೈಲಿನಲ್ಲಿ ಏನೋ ಮುಖ್ಯವಾದದ್ದನ್ನು ಹುಡುಕತೊಡಗಿದರು. ಶಾರ್ಜಾದಲ್ಲಿ ಇಷ್ಟು ವರ್ಷ ಬಾಳಿದ್ದು ಅವರು ಹೀಗೆಯೇ ಇರಬೇಕು.

"ದಿವಾಕರ, ಎಲ್ರ ಎದುರು ಬೊಬ್ಬೆ ಹಾಕ್ಬೇಡ ಮಾರಾಯ. ಅಮ್ಮನ ಕಾಲು ನೋಡು. ಅಲ್ಲಿ ಬಿದ್ರೆ ಎಂತ ಮಾಡುದು?" ಅಕ್ಕನ ಕಣ್ಣಲ್ಲಿ ನೀರಿತ್ತು.

"ಅಮ್ಮನ ಕಾಲು ನಿನಗೆ ಈಗ ನೆನಪಾದ್ದಾ? ಜಾಗ ಗೊತ್ತು ಮಾಡುವಾಗ ಎಲ್ಲಿತ್ತು ಆ ಕಾಲು?"

ಅನ್ವಿತಾ ಮದರಂಗಿಯ ಕೈಗಳನ್ನು ಮೇಲಕ್ಕೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು. ಅವಳಿಗೆ ಆ ವ್ಯವಸ್ಥೆ ಮೊದಲೇ ಗೊತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಸೂಪ್ ಕುಡಿಯುತ್ತಿದ್ದ ಅಮ್ಮ ಬಟ್ಟಲು ಕೆಳಗಿಟ್ಟಳು. "ಗಾಡಿ ಎಲ್ಲಿವರೆಗೆ ಹೋಗ್ತದೆ, ಅಲ್ಲಿವರೆಗೆ ನಾನು ಬರ್ತೇನೆ. ಮತ್ತಿನದ್ದು ಅಲ್ಲಿ ನೋಡುವ," ಎಂದಳು.

ಹುಲ್ಲುಗಾವಲು

ಬೆಳಿಗ್ಗೆ ಗಾಡಿ ಮೇಲಕ್ಕೆ ಹೊರಟಾಗ ಅಮ್ಮ ಜುರಾನ ಪಕ್ಕ ಕೂತಿದ್ದಳು. ಗಿಂಡಿಯನ್ನು ಆಗಲೇ ಭಾವನ ಕೈಗೆ ಒಪ್ಪಿಸಿಯಾಗಿತ್ತು, ಭಟ್ರು ಪೂಜೆಗೆ ಬೇಗ ಬೇಕು ಎಂದಿದ್ದರು. ಭಟ್ರು ಮೂಲತಃ ಬೆಳ್ತಂಗಡಿ ಕಡೆಯವರು, ದುಬೈಯಿಂದ ಬಂದಿದ್ದರು. ಗಾಡಿಗಳು ನಿಲ್ಲುವ ಮಟ್ಟಸ ಜಾಗದಲ್ಲಿ ಅಮ್ಮನನ್ನು ಜುರಾನ ಗಾಡಿಯೊಳಗೇ ಕೂರಿಸಿ, ಬಾಗಿಲು ತೆರೆದಿಟ್ಟು, ನಾನು ಇಳಿಜಾರು ಹತ್ತಿ ನೋಡಲು ಹೋದೆ.

ದೂರ ಹೆಚ್ಚಿರಲಿಲ್ಲ. ಆದರೆ ಕಡಿದು, ಮೇಲಾಗಿ ಇಬ್ಬನಿಗೆ ಒದ್ದೆಯಾದ ಹುಲ್ಲು. ನನ್ನ ಹೊಸ ಚರ್ಮದ ಚಪ್ಪಲಿ ಎಣ್ಣೆ ಹಚ್ಚಿದಂತೆ ಜಾರಿತು. ಎರಡು ಸಲ ಕೈ ಊರಿದೆ. ಹುಡುಗಿಯರು ಹೈಹೀಲ್ಡ್ ಚಪ್ಪಲಿಯನ್ನು ಮಣ್ಣಿನಿಂದ ಕಿತ್ತು ಕಿತ್ತು ಹತ್ತುತ್ತಿದ್ದರು. ಬೆಟ್ಟದ ಮದುವೆಗೆ ಹೋಗುವವರಿಗೆ ನನ್ನ ಮಾತು ಇಷ್ಟೇ: ಶಾಲೆಯ ಮಕ್ಕಳು ಹಾಕುವಂಥ ಕ್ಯಾನ್ವಾಸ್ ಶೂ ಹಾಕಿ, ಮರ್ಯಾದೆಯ ಚಪ್ಪಲಿ ಚೀಲದಲ್ಲಿರಲಿ.

ಪಂಚೆ ಉಡುವವರು ಒಳಗೆ ಪ್ಯಾಂಟು ಹಾಕಿ. ಅಲ್ಲಿನ ಗಾಳಿಗೆ ನಾಚಿಕೆ ಇಲ್ಲ. ಒಂದು ಕೈಯಲ್ಲಿ ಪಂಚೆ, ಒಂದು ಕೈಯಲ್ಲಿ ಶಾಲು ಹಿಡಿದರೆ ನೆಂಟರಿಗೆ ಕೈ ಮುಗಿಯಲು ಮೂರನೆಯದು ಬೇಕು. ಮೈಕಿನಲ್ಲಿ ಮಂತ್ರ ಕೇಳಲಿಲ್ಲ, ಗಾಳಿ ಮಾತ್ರ ಕೇಳಿತು. ಚಳಿ ಇದ್ದರೂ ಬಿಸಿಲು ಸುಟ್ಟಿತು, ನನ್ನ ಮೂಗಿನ ಚರ್ಮ ಊರಿಗೆ ಬಂದ ಮೇಲೆ ಸುಲಿಯಿತು. ಪಾಯಿಖಾನೆ ಕೆಳಗೆ ಹೋಟೆಲಿನಲ್ಲಿ.

ಮಂಟಪ ಅಂದರೆ ನಾಲ್ಕು ಕೋಲು, ಮೇಲೆ ಬಿಳಿ ಪರದೆ. ಪರದೆ ಗಾಳಿಗೆ ಭಟ್ರ ಮುಖಕ್ಕೆ ಹೊಡೆಯುತ್ತಿತ್ತು. ಚೇರುಗಳು ತೆಳು ಕಾಲಿನ, ಮಡಚುವ ಜಾತಿಯವು. ಇಳಿಜಾರಿನಲ್ಲಿ ಚೇರು ಹಾಕಿದರೆ ತಗ್ಗಿನ ಕಡೆಯ ಕಾಲಿಗೆ ಕಲ್ಲು ಕೊಡಬೇಕು. ಯಾರೂ ಕೊಟ್ಟಿರಲಿಲ್ಲ. ಹುಡುಗನ ಚಿಕ್ಕಪ್ಪ ಕೂತ ಕೂಡಲೇ ಹಿಂದಕ್ಕೆ ಮಗುಚಿದರು. ನಾನು ಅವರನ್ನು ಎತ್ತಿ, ಕಲ್ಲು ಹುಡುಕಿ, ಒಂದೊಂದೇ ಚೇರಿಗೆ ಇಡತೊಡಗಿದೆ. ನನಗೆ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಕೈ ಕೇಳಲಿಲ್ಲ, ಅಷ್ಟೇ.

ಆಗಲೇ ನನಗೆ ಉಪಾಯ ಹೊಳೆದದ್ದು. ಒಂದು ಚೇರು ಎತ್ತಿಕೊಂಡು ಕೆಳಗೆ ಓಡಿದೆ. ಜುರಾನಿಗೂ ಇನ್ನಿಬ್ಬರು ಡ್ರೈವರುಗಳಿಗೂ ಕೈಸನ್ನೆ ಮಾಡಿ ಒಪ್ಪಿಸಿದೆ. ಅಮ್ಮನನ್ನು ಚೇರಿನಲ್ಲಿ ಕೂರಿಸಿ ನಾಲ್ಕು ಜನ ಎತ್ತಿದರೆ ಮುಗಿಯಿತು.

ಅಮ್ಮ ಚೇರನ್ನು ನೋಡಿದಳು, ನಮ್ಮನ್ನು ನೋಡಿದಳು.

"ನಾಲ್ಕು ಜನ ನನ್ನನ್ನು ಹೊರುವ ದಿನ ಬೇರೆ ಉಂಟು. ಮದುವೆಯ ದಿನ ಬೇಡ," ಎಂದಳು.

"ಅಮ್ಮಾ, ಮತ್ತೆ ಗಿಂಡಿ ಮುಟ್ಟುದು ಹೇಗೆ?"

"ನಿನಗೆ ಬುದ್ಧಿ ಉಂಟಾ? ನಮ್ಮಲ್ಲಿ ಜನ ಎದ್ದು ಗಿಂಡಿಯ ಹತ್ತಿರ ಹೋಗ್ತಾರಾ? ಕೂತಲ್ಲಿಗೆ ಅದು ಬರ್ತದೆ. ನಾನು ಇಲ್ಲಿ ಕೂತಿದ್ದೇನೆ. ಇಲ್ಲಿಗೆ ಬರ್ಲಿ."

ಅವಳು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ನಾನು ಮತ್ತೆ ಇಳಿಜಾರು ಹತ್ತಿದೆ.

ಇಳಿಜಾರು

ಮೇಲೆ ಪೂಜೆ ಮುಗಿದಿತ್ತು. ಉಲ್ಲನ್ ಜುಟ್ಟಿನ ಕಾಯಿ ಹೊತ್ತ ಗಿಂಡಿ ಭಟ್ರ ಮುಂದೆ ಸಿದ್ಧವಾಗಿತ್ತು. ಗಿಂಡಿ ಕೆಳಗೆ ಅಮ್ಮನ ಹತ್ತಿರ ಹೋಗಿ ಬರಬೇಕು, ಆಮೇಲೆ ಧಾರೆ ಎಂದೆ.

"ಅಂಕಲ್, ಪ್ಲೀಸ್.. ಮೋಡ ಬರ್ತಿದೆ, ಪೀಕ್ ಮುಚ್ಚಿಹೋಗತ್ತೆ. ಒಬ್ರು ಇಳಿದು ಹತ್ತಿ ಬರೋಷ್ಟು ಟೈಮಿಲ್ಲ," ಎಂದಳು ಪ್ಲಾನರ್.

"ಮುಹೂರ್ತಕ್ಕೆ ಸ್ವಲ್ಪ ಹೊತ್ತೇ ಇರುದು," ಎಂದರು ಭಟ್ರು. "ತುಂಬಿದ ಗಿಂಡಿ ಹಿಡ್ಕೊಂಡು ಈ ಹುಲ್ಲಲ್ಲಿ ಯಾರು ಇಳೀತಾರೆ? ಜಾರಿದ್ರೆ ಅಪಶಕುನ ಅಲ್ವಾ?"

ಹಾಗಾದರೆ ಮದುವೆಯೇ ಬೇಡ, ಎಂದು ನಾನು ಹೇಳಿಬಿಡುತ್ತಿದ್ದೆ. ಬಾಯಿಯ ತುದಿಗೆ ಬಂದಿತ್ತು. ಎರಡೂ ಕಡೆಯ ಬಳಗದ ಎದುರು, ಆ ಮಾತು. ಆಗ ಅನ್ವಿತಾ ಮಣೆಯಿಂದ ಎದ್ದಳು.

"ಮಾಮ, ನಿಮ್ಮ ಗೋಡೌನಲ್ಲಿ ಲಾರಿಯಿಂದ ಚೇರ್ ಇಳ್ಸುದು ಹೇಗೆ?"

"ಈಗ ಅದೆಂತಕೆ?"

"ಸಣ್ಣದಿರುವಾಗ ನಾನು ನೋಡಿದ್ದೇನೆ. ಯಾರೂ ನಡೆಯುದಿಲ್ಲ. ಸಾಲಾಗಿ ನಿಲ್ತಾರೆ, ಚೇರ್ ಮಾತ್ರ ಕೈಯಿಂದ ಕೈಗೆ ಹೋಗ್ತದೆ." ಅವಳು ಕೂತ ಜನರತ್ತ ತಿರುಗಿದಳು. "ಅಜ್ಜಿ ಮುಟ್ಟದೆ ನಾನು ಕೈ ನೀಡುದಿಲ್ಲ. ಎಲ್ರೂ ಏಳಿ."

ಮೊದಲು ಎದ್ದವರು ಮಗುಚಿ ಬಿದ್ದಿದ್ದ ಆ ಚಿಕ್ಕಪ್ಪ. ಆಮೇಲೆ ಹುಡುಗನ ಅಪ್ಪ. ಆಮೇಲೆ ಇಡೀ ಸಭೆ. ಹುಡುಗಿಯರು ಚಪ್ಪಲಿ ಕಳಚಿ ಬರಿಗಾಲಲ್ಲಿ ಇಳಿದರು. ಮುಂದಿನದ್ದು ನನ್ನ ಕೆಲಸ, ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲಾರಿ ಇಳಿಸುವಾಗ ಧಣಿ ಚೇರು ಹಿಡಿಯುವುದಿಲ್ಲ, ಪಕ್ಕದಲ್ಲಿ ಓಡಾಡುತ್ತಾ ಬೊಬ್ಬೆ ಹಾಕುತ್ತಾನೆ. ನಾನು ಪಂಚೆ ಎತ್ತಿ ಕಟ್ಟಿ ಇಳಿಜಾರಿನ ಉದ್ದಕ್ಕೂ ಓಡಿದೆ. "ಒಂದು ಕೈ ದೂರ ನಿಲ್ಲಿ! ಕಾಲು ಅಡ್ಡ ಇಡಿ, ನೇರ ಇಟ್ರೆ ಜಾರ್ತದೆ! ಏ ಶಾಂಪೇನ್ ಸೀರೆ, ನೀವು ಸ್ವಲ್ಪ ಕೆಳಗೆ ಬನ್ನಿ!"

ಜನ ಸಾಲಲಿಲ್ಲ. ಕೆಳಗಿನ ಭಾಗ ಖಾಲಿ ಉಳಿಯಿತು. ಪಿಟೀಲಿನವರನ್ನು ಕರೆದೆ, ಬಂದರು. ಡ್ರೈವರುಗಳು ಬಂದರು. ಕೋಲು ಹಿಡಿದು ಬೆಟ್ಟ ಹತ್ತಲು ಬಂದಿದ್ದ ಯಾರೋ ಇಬ್ಬರು ಅಪರಿಚಿತರು ಏನು ನಡೆಯುತ್ತಿದೆ ಎಂದು ನಿಂತು ನೋಡಿದರು, ಅವರನ್ನೂ ತೋಳು ಹಿಡಿದು ಸಾಲಿಗೆ ಸೇರಿಸಿದೆ. ಪ್ಲಾನರ್ ಹುಡುಗಿ ಕೈಯಲ್ಲಿದ್ದ ಮೊಬೈಲನ್ನು ಹುಲ್ಲಿನ ಮೇಲಿಟ್ಟು ತಾನೂ ಬಂದು ನಿಂತಳು.

ಗಿಂಡಿ ಹೊರಟಿತು. ಒಬ್ಬೊಬ್ಬರೂ ಎರಡೂ ಕೈಯಲ್ಲಿ ಹಿಡಿದು, ಹಣೆಗೆ ತಾಗಿಸಿ, ಕೆಳಗಿನವರಿಗೆ ಕೊಟ್ಟರು. ನಾನು ಪಕ್ಕದಲ್ಲೇ ಇಳಿಯುತ್ತಾ ಕೂಗುತ್ತಿದ್ದೆ. "ಅಲ್ಲಾಡಿಸ್ಬೇಡಿ ಮಾರಾಯ್ರೆ! ಕಾಯಿ ನೋಡ್ಕೊಳ್ಳಿ!" ಹೇಳುವಷ್ಟರಲ್ಲಿ ಒಬ್ಬ ಹುಡುಗಿಯ ಕೈಯಿಂದ ಕಾಯಿ ಉದುರಿತು. ಉಲ್ಲನ್ ಜುಟ್ಟು ಅಲ್ಲೇ ಉಳಿಯಿತು, ಬೋಳು ಕಾಯಿ ಉರುಳುತ್ತಾ ಗಿಂಡಿಗಿಂತ ಮೊದಲು ಕೆಳಗೆ ಹೋಯಿತು. ಸಾಲಿನ ಕೊನೆಗೆ ನಿಂತಿದ್ದ ಜುರಾ ಅದನ್ನು ತಡೆಯಲು ಕಾಲು ಚಾಚಿದ. ಅಮ್ಮ ಗಾಡಿಯೊಳಗಿಂದ ಚೀರಿದಳು. ಭಾಷೆ ತಿಳಿಯದಿದ್ದರೂ ಅವನಿಗೆ ತಿಳಿಯಿತು, ಕಾಲು ಹಿಂದಕ್ಕೆ ಎಳೆದು ನೆಲಕ್ಕೆ ಬಿದ್ದು ಕೈಯಲ್ಲೇ ಹಿಡಿದು ಅಮ್ಮನಿಗೆ ಕೊಟ್ಟ.

ಗಿಂಡಿ ಕೆಳಗೆ ತಲುಪಿದಾಗ ಜುರಾ ಮೊದಲು ಎದೆಯ ಮೇಲೆ ಮೂರು ಸಲ ಶಿಲುಬೆಯ ಗುರುತು ಎಳೆದುಕೊಂಡ. ಆಮೇಲೆ ಅದನ್ನು ಅಮ್ಮನ ಮುಂದೆ ಹಿಡಿದ. ಅಮ್ಮ ಎಲ್ಲರ ಹಾಗೆ ಮುಟ್ಟಿ ಬಿಡಲಿಲ್ಲ. ಎರಡೂ ಅಂಗೈಯನ್ನು ಗಿಂಡಿಯ ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿ, ಏನೋ ಹೇಳಿಕೊಂಡಳು. ನಾನು ಇಳಿಜಾರಿನ ನಡುವೆ ನಿಂತು ನೋಡಿದೆ. ಅಳು ಬರುವಷ್ಟರಲ್ಲಿ ಅಮ್ಮ ಕಾಯಿಯನ್ನು ಮೇಲಿಟ್ಟು ಗಿಂಡಿಯನ್ನು ವಾಪಸು ಕೊಟ್ಟಳು. ಮೋಡ ಬೆಟ್ಟದ ಅಂಚಿಗೆ ಬಂದಿತ್ತು. ನಾನು ಮತ್ತೆ ಕೂಗಲು ಶುರು ಮಾಡಿದೆ. "ಬೇಗ, ಬೇಗ! ಮುಹೂರ್ತ ಮೀರ್ತದೆ!"

ಹತ್ತುವಾಗ ಗಿಂಡಿ ಬೇಗ ಹತ್ತಿತು. ಮೇಲೆ ಹುಡುಗನ ಅಪ್ಪನ ಕೈಯಿಂದ ನೇರ ಭಟ್ರ ಕೈಗೆ, ಅಲ್ಲಿಂದ ಅಕ್ಕ ಭಾವನ ಕೈಗೆ. ನಾನು ಏದುಸಿರು ಬಿಡುತ್ತಾ ಮಂಟಪ ಮುಟ್ಟುವಾಗ ನೀರು ಬೀಳುತ್ತಿತ್ತು. ಅರ್ಧ ದಾರಿಯಲ್ಲೇ ಚೆಲ್ಲಿತ್ತು, ಆದರೂ ಕೂಡಿಸಿದ ಕೈ ತೋಯುವಷ್ಟು ಇತ್ತು. ಅಷ್ಟರಲ್ಲಿ ಮೋಡ ಬಂದು ಶಿಖರವನ್ನು ಪೂರ್ತಿ ಮುಚ್ಚಿತು. ಅನ್ವಿತಾಳ ಧಾರೆಯ ಯಾವ ಫೋಟೋದಲ್ಲೂ ಹಿಮ ಇಲ್ಲ. ಬಿಳಿ ಮಂಜಿನಲ್ಲಿ ಮದುಮಕ್ಕಳು, ನಮ್ಮ ಅಂಗಳದಲ್ಲಿ ಹಿಂದೆ ಬಿಳಿ ಬಟ್ಟೆ ಕಟ್ಟಿ ತೆಗೆದ ಹಾಗೆಯೇ ಬಂದಿದೆ. ನನಗೆ ಸಂತೋಷವಾಯಿತು ಎಂದರೆ ಪಾಪ ಬರಬಹುದು, ಆದರೂ ಆಯಿತು.

ಗಾಡಿಯ ಹತ್ತಿರ

ಧಾರೆಯಾದ ಮೇಲೆ ಮದುಮಕ್ಕಳು ಮೊದಲು ಇಳಿದು ಬಂದದ್ದು ಅಮ್ಮನ ಹತ್ತಿರ. ಇಬ್ಬರೂ ಕಾಲು ಹಿಡಿದರು. ಅಮ್ಮ ಅನ್ವಿತಾಳ ಒದ್ದೆ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಅಕ್ಕ ಅಳುತ್ತಿದ್ದಳು. ನಾನು ಆಗಲೂ ಜುರಾನಿಗೆ ಗಾಡಿ ಹೇಗೆ ತಿರುಗಿಸಬೇಕು ಎಂದು ಕೈ ಬೀಸಿ ಹೇಳುತ್ತಿದ್ದೆ.

ಅನ್ವಿತಾ ಬಂದು ನನ್ನ ತೋಳು ಹಿಡಿದಳು.

"ಮಾಮ, ಎಲ್ರ ಕೈಯೂ ತಾಗಿತು ಅಲ್ವಾ? ನೀವು ಕೂಗದಿದ್ರೆ ಆಗ್ತಿರ್ಲಿಲ್ಲ. ನೀವೂ ಮುಟ್ಟಿದ್ರಲ್ಲ?"

ಆಗ ನನಗೆ ಗೊತ್ತಾಯಿತು. ಪಿಟೀಲಿನವರು ಮುಟ್ಟಿದ್ದರು. ಬಣ್ಣದ ಪುಟ ಬರೆದ ಹುಡುಗಿ ಮುಟ್ಟಿದ್ದಳು. ಹೆಸರು ಗೊತ್ತಿಲ್ಲದ ಇಬ್ಬರು ದಾರಿಹೋಕರು, ನಾನೇ ಎಳೆದು ತಂದವರು, ಹಣೆಗೆ ಒತ್ತಿಕೊಂಡಿದ್ದರು. ಹುಡುಗಿಯ ಸೋದರಮಾವ ನಾನು, ಇಡೀ ಸಾಲಿನ ಪಕ್ಕ ಇಳಿದು ಹತ್ತಿದವನು, ಕೈ ಬೀಸಿದ್ದೆ, ಬೆರಳು ತೋರಿಸಿದ್ದೆ, ಮುಟ್ಟಿರಲಿಲ್ಲ.

"ಮುಟ್ಟಿದೆ ಮಗಾ," ಎಂದೆ. ಆ ಇಡೀ ಪ್ರವಾಸದಲ್ಲಿ ನಾನು ಸಿಟ್ಟಿಲ್ಲದೆ ಆಡಿದ ಮಾತು ಅದೊಂದೇ.

ಅವಳು ನಕ್ಕು ಗಂಡನ ಹತ್ತಿರ ಹೋದಳು. ಅಮ್ಮ ಗಾಡಿಯಲ್ಲಿ ಕೂತು ಇಳಿಜಾರನ್ನು ಮೊದಲಿನಿಂದ ಕೊನೆವರೆಗೆ ನೋಡಿದವಳು. ಅವಳ ಮೊಣಕಾಲು ಹೋಗಿದೆ, ಕಣ್ಣು ಹೋಗಿಲ್ಲ. ಟಿಬಿಲಿಸಿಗೆ ಮರಳುವ ದಾರಿಯಲ್ಲಿ, ದನಗಳ ಸೇತುವೆ ದಾಟಿದ ಮೇಲೆ, ಗಿಂಡಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಹಿಡ್ಕೋ. ನನಗೆ ಕೈ ಸೋತಿತು," ಎಂದಳು.

ಹಿಡಿದುಕೊಂಡೆ. ಒಳಗೆ ಒಂದು ಒದ್ದೆ ಮಾವಿನೆಲೆ ಅಂಟಿಕೊಂಡಿತ್ತು. ನೀರು ಇರಲಿಲ್ಲ.

ಬಿ.ಸಿ. ರೋಡಿಗೆ ಬಂದ ಮರುದಿನ ಬೆಳ್ತಂಗಡಿಯ ಒಂದು ಮದುವೆಗೆ ಲಾರಿ ತುಂಬಿಸುವ ಕೆಲಸ ಇತ್ತು. ಹಮೀದ್ ಸ್ಪೀಕರ್ ಎತ್ತಿ ಇಡುತ್ತಾ ಕೇಳಿದ, "ಹೇಗಿತ್ತು ದಿವಾಕರಣ್ಣ, ಬೇರೆಯವರು ಹಾಕಿದ ಚೇರು?"

"ನಾನು ಕೂರ್ಲೇ ಇಲ್ಲ ಹಮೀದ್," ಎಂದೆ.